ಆರರಲ್ಲಿ ಅರ್ಧ ಎಷ್ಟು ಸಲ

ಹಾಲಮ್ಮನಿಗೆ ಭಿನ್ನರಾಶಿಯ ಭಾಗಾಕಾರ ಎಷ್ಟು ಸಲ ಅರ್ಥವಾಗಿತ್ತೋ ಅವಳಿಗೇ ಗೊತ್ತಿರಲಿಲ್ಲ. ಅರ್ಥವಾದದ್ದಂತೂ ನಿಜ. ಒಂದೊಂದು ಕಾಲೇಜಿನಲ್ಲಿ ಯಾರೋ ಒಬ್ಬ ಹುಡುಗ, ಯಾರೋ ಒಬ್ಬ ಹುಡುಗಿ ಕರಿಹಲಗೆಯ ಮುಂದೆ ನಿಂತು ಹೇಳಿಕೊಟ್ಟಿದ್ದರು. ಒಂದು ಗಳಿಗೆ ತಲೆಯೊಳಗೆ ದೀಪ ಹತ್ತಿದಂತಾಗಿತ್ತು. ಸಂಜೆಯ ಹೊತ್ತಿಗೆ ಅವಳನ್ನು ಕೆಲಸಕ್ಕಿಟ್ಟವರು ಅದನ್ನು ತಲೆಯಿಂದ ಒರೆಸಿಹಾಕಿದ್ದರು. ಹಾಗೆ ಒರೆಸಿಕೊಳ್ಳುವುದಕ್ಕೇ ಅವಳಿಗೆ ಸಂಬಳ.

ಒರೆಸಿದ ಮೇಲೆ ಪಾಠ ಹೋಗುತ್ತಿತ್ತು, ಪಾಠ ತಿಳಿದಾಗಿನ ಸಂತೋಷ ಹೋಗುತ್ತಿರಲಿಲ್ಲ. ಏನು ತಿಂದೆ ಎಂಬುದು ಮರೆತುಹೋಗಿ ನಾಲಿಗೆಯ ಮೇಲೆ ಸಿಹಿ ಮಾತ್ರ ಉಳಿದ ಹಾಗೆ. ಅಂಥ ಹೆಸರಿಲ್ಲದ ಸಿಹಿಗಳು ಅವಳೊಳಗೆ ಎಷ್ಟೋ ಕೂಡಿಕೊಂಡಿದ್ದವು. ಯಾರೊಂದಿಗಾದರೂ ಹೇಳಿಕೊಳ್ಳೋಣವೆಂದರೆ ಹೇಳಲು ಏನೂ ಇರುತ್ತಿರಲಿಲ್ಲ.

ಅವಳು ಕೆಲಸಕ್ಕಿದ್ದದ್ದು ಗುಣಮಟ್ಟ ಮಂಡಳಿಯಲ್ಲಿ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳು ನಿಜವಾಗಿ ಕಲಿಸುವುದನ್ನು ಕಲಿಸುತ್ತಿವೆಯೇ ಎಂದು ನೋಡುವುದು ಮಂಡಳಿಯ ಕೆಲಸ. ಹಿಂದೆ ಈ ತಪಾಸಣೆ ಒಂದು ನಾಟಕವಾಗಿತ್ತಂತೆ. ತಪಾಸಣೆಯ ದಿನ ಪಕ್ಕದೂರಿನ ಕಾಲೇಜಿನಿಂದ ಪುಸ್ತಕಗಳು ಟೆಂಪೋದಲ್ಲಿ ಬಂದಿಳಿಯುತ್ತಿದ್ದವು. ಉಪನ್ಯಾಸಕರನ್ನು ದಿನಗೂಲಿಯ ಮೇಲೆ ಕರೆತರುತ್ತಿದ್ದರು. ಜಿಲ್ಲೆಗೊಂದೇ ಅಸ್ಥಿಪಂಜರ ಎಲ್ಲ ಪ್ರಯೋಗಾಲಯಗಳಲ್ಲೂ ಸರದಿಯ ಮೇಲೆ ನಿಂತು ಬರುತ್ತಿತ್ತು. ಮಕ್ಕಳ ಮುಂದೆ ಪಾಠ ಮಾಡಿಸಿ ನೋಡೋಣವೆಂದರೆ, ಮೊದಲೇ ಗಿಳಿಪಾಠ ಮಾಡಿಸಿದ ಮಕ್ಕಳನ್ನು ಕೂರಿಸುತ್ತಿದ್ದರು.

ಆಮೇಲೆ ಆ ಟೋಪಿ ಬಂತು. ಒಂದು ವಿಷಯ ತಿಳಿದ ಕ್ಷಣದಲ್ಲಿ ಮಿದುಳಿನಲ್ಲಿ ಏಳುವ ಅಲೆಯನ್ನು ಹಿಡಿಯುವ, ತಂತಿಗಳಿದ್ದ ಬೂದುಬಣ್ಣದ ಟೋಪಿ. 'ಗೊತ್ತಾಯ್ತಾ?' ಎಂದರೆ 'ಗೊತ್ತಾಯ್ತು ಸಾರ್' ಎಂದು ಬಾಯಿ ಹೇಳಬಹುದು, ಟೋಪಿ ಹೇಳುವುದಿಲ್ಲ. 'ಇಷ್ಟು ದಿನ ಕಾಲೇಜಿನವರು ನಮಗೆ ಟೋಪಿ ಹಾಕ್ತಿದ್ರು, ಈಗ ನಾವೇ ಹಾಕ್ತೀವಿ' ಎಂದು ಮಂಡಳಿಯವರು ನಗುತ್ತಿದ್ದರು.

ಆದರೆ ಎಲ್ಲ ಕಾಲೇಜುಗಳನ್ನೂ ಒಂದೇ ಕೋಲಿನಿಂದ ಅಳೆಯಬೇಕಲ್ಲ? ಅದಕ್ಕೇ ಹಾಲಮ್ಮ. ಆರನೆಯ ತರಗತಿಯಲ್ಲಿ, ಭಿನ್ನರಾಶಿಯ ಪಾಠಕ್ಕೆ ಮುಂಚೆ ಶಾಲೆ ಬಿಟ್ಟವಳು. ಅವಳ ತಾಯಿ ಹರಿಹರದ ಕಡೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಆ ವರ್ಷ ಅನ್ನದ ಗಂಜಿ ಚೆಲ್ಲಿ ತಾಯಿಯ ಕೈ ಸುಟ್ಟಿತು. ಹಾಲಮ್ಮ ತಾಯಿಯ ಜೊತೆಗೆ ಅಡುಗೆಮನೆಗೆ ಹೋದಳು, ಮತ್ತೆ ತರಗತಿಗೆ ಹೋಗಲಿಲ್ಲ. ತನ್ನ ಜೊತೆ ಕೂತು ಓದಿದವರಿಗೇ ಸಾಲಿನಲ್ಲಿ ಬಗ್ಗಿ ಬಗ್ಗಿ ಸಾರು ಬಡಿಸಿದಳು. ತಾಯಿ ತೀರಿಕೊಂಡ ಮೇಲೆ ಮಂಡಳಿಯ ಕೆಲಸಕ್ಕೆ ಬಂದಳು. ಆಯ್ಕೆಯ ದಿನ ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ತಲೆ ತಗ್ಗಿಸಿ 'ಗೊತ್ತಿಲ್ರಿ' ಅಂದಿದ್ದಳು. ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿ ತುಂಬ ಸಂತೋಷಪಟ್ಟಿದ್ದರು.

ತುಮಕೂರಿನ ಹೊರಗೆ ಮಂಡಳಿಯ ವಸತಿಯಲ್ಲಿ ಅವಳಿಗೊಂದು ಕೋಣೆ. ಅವಳಿಗೆ ಯಾರೂ ಏನನ್ನೂ ವಿವರಿಸಿ ಹೇಳಬಾರದೆಂಬ ನಿಯಮ. ಅವಳೂ ಏನನ್ನೂ ಅಳೆಯಬಾರದು, ತೂಗಬಾರದು, ಹಂಚಬಾರದು. ಊಟ ಮುಚ್ಚಿದ ತಟ್ಟೆಯಲ್ಲಿ ಬಡಿಸಿಕೊಂಡೇ ಬರುತ್ತಿತ್ತು. ಅವಳು ಮೆಟ್ಟಿಲ ಮೇಲೆ ಕಂಡರೆ ಅಕ್ಕಪಕ್ಕದ ಹೆಂಗಸರು ಆಡುತ್ತಿದ್ದ ಮಾತನ್ನು ತಟ್ಟನೆ ನಿಲ್ಲಿಸಿ, 'ಏನ್ ಸೆಕೆ ಅಲ್ವಾ' ಎನ್ನುತ್ತಿದ್ದರು. ಚಳಿಗಾಲದಲ್ಲೂ ಹಾಗೇ ಎನ್ನುತ್ತಿದ್ದರು. ಹಾಲಮ್ಮ 'ಹ್ಞೂಂ' ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಿಟಕಿಯಿಂದ ನೋಡುತ್ತ ಕೂರುವುದು ಅವಳಿಗೆ ಚಿಕ್ಕಂದಿನಿಂದಲೇ ಅಭ್ಯಾಸವಾಗಿತ್ತು.

*

ಕಲ್ಲಹಾಳಕ್ಕೆ ಹೋಗುವ ದಾರಿಯಲ್ಲಿ ಜೀಪಿನಲ್ಲಿ ಮೂವರೇ ಇದ್ದರು. ತಪಾಸಣೆಯ ಮುಖ್ಯಸ್ಥರಾದ ವೃಷಭೇಂದ್ರಯ್ಯನವರೇ ಓಡಿಸುತ್ತಿದ್ದರು. ಪಕ್ಕದಲ್ಲಿ, ಯಂತ್ರಗಳನ್ನು ನೋಡಿಕೊಳ್ಳುವ ಮಂಗಳೂರಿನ ಜೆಸಿಂತಾ. ಹಿಂದಿನ ಸೀಟಿನಲ್ಲಿ ಟೋಪಿಯ ಪೆಟ್ಟಿಗೆಯ ಜೊತೆ ಹಾಲಮ್ಮ.

'ಹೋದ ವಾರದ ಹುಡುಗ ನೆನಪುಂಟಾ ಸರ್?' ಜೆಸಿಂತಾ ಕೇಳಿದಳು. 'ಮೇಜಿನ ಅಡಿಯಿಂದ ಪಾರಿವಾಳ ಹಾರಿಸಿದನಲ್ಲ? ಆ ಪಾರಿವಾಳಕ್ಕೇ ಡಿ.ಎಡ್. ಕೊಡ್ಬೇಕಿತ್ತು.'

'ಮೀಟರು ಎಷ್ಟು ತೋರಿಸ್ತು?'

'ಎಂಬತ್ತು.'

'ಹಾಗಾದ್ರೆ ಕೊಡಲೇಬೇಕು' ಎಂದರು ವೃಷಭೇಂದ್ರಯ್ಯ, ರಸ್ತೆಯಿಂದ ಕಣ್ಣು ತೆಗೆಯದೆ.

ಅಚ್ಚರಿಗೂ ಅರಿವಿಗೂ ಇರುವ ವ್ಯತ್ಯಾಸ ಟೋಪಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಕಾಲೇಜುಗಳು ಅದನ್ನು ಬೇಗ ಕಂಡುಕೊಂಡಿದ್ದವು. ಈಗೀಗ ಎಲ್ಲ ಕಡೆ ಜಾದೂ, ನಗೆಚಾಟಿಕೆ, ತಟ್ಟನೆ ಚಪ್ಪಾಳೆ. ಹಿಂದೆ ಪುಸ್ತಕಗಳನ್ನು ಎರವಲು ತರುತ್ತಿದ್ದವರು ಈಗ ಜಾದೂಗಾರರನ್ನು ಗುರುಗಳಾಗಿ ಇಟ್ಟುಕೊಂಡಿದ್ದರು. ವೃಷಭೇಂದ್ರಯ್ಯನವರಿಗೂ ಇದು ಗೊತ್ತಿತ್ತು. ಆದರೆ ಅವರು ಆ ಹಳೆಯ ಅಸ್ಥಿಪಂಜರದ ಕಾಲವನ್ನು ಕಂಡವರು. ಸುಳ್ಳಾಡುವ ಮನುಷ್ಯರಿಗಿಂತ ತಪ್ಪು ಮಾಡುವ ಯಂತ್ರ ವಾಸಿ ಎಂಬುದು ಅವರ ನಂಬಿಕೆ.

ಕಲ್ಲಹಾಳದ ಕಾಲೇಜು ಎಡದಂಡೆ ಕಾಲುವೆಯ ಪಕ್ಕದಲ್ಲಿತ್ತು. ಸುತ್ತ ಭತ್ತದ ಗದ್ದೆ, ಮುಂದೆ ಒಂದು ಬೇವಿನ ಮರ. ಬಾಗಿಲಲ್ಲಿ ಪ್ರಾಂಶುಪಾಲ ಶರಣೇಗೌಡರು ಕೈಮುಗಿದು ನಿಂತಿದ್ದರು.

'ಬರ್ರಿ ಸಾಹೇಬ್ರ. ಮೊದಲ ಹೇಳಿಬಿಡ್ತೀನಿ, ನಮ್ಮಲ್ಲಿ ಅಸ್ಥಿಪಂಜರ ಇಲ್ಲ. ಅದರ ಬದಲಿ ನಾವ ಅದೀವಿ.'

ವೃಷಭೇಂದ್ರಯ್ಯ ನಕ್ಕರು, ಆದರೆ ಕುರ್ಚಿಯಲ್ಲಿ ಕೂತಮೇಲೆ ಹೇಳಬೇಕಾದದ್ದನ್ನು ಹೇಳಿದರು. ಹೋದ ಸಲವೂ ಅದರ ಹಿಂದಿನ ಸಲವೂ ಈ ಕಾಲೇಜಿನ ಅಂಕ ಕಡಿಮೆ. ಈ ಸಲ ಮೂವತ್ತು ದಾಟದಿದ್ದರೆ ಮಾನ್ಯತೆ ರದ್ದಾಗುತ್ತದೆ. ಕಲಿಯುತ್ತಿರುವವರನ್ನು ಜಿಲ್ಲಾ ಕೇಂದ್ರದ ಕಾಲೇಜಿಗೆ ಸೇರಿಸುತ್ತಾರೆ.

'ಅಷ್ಟು ದೂರ ಯಾರು ಕಳಸ್ತಾರ್ರಿ?' ಎಂದರು ಗೌಡರು. 'ಇವು ಕಾಲುವಿ ಕೆಳಗಿನ ಊರಿನ ಹುಡುಗ್ಯಾರು. ಇಲ್ಲಿ ನಡಕೊಂಡು ಬರ್ತಾರ, ದೂರದವರು ಹಾಸ್ಟೆಲಿನಾಗ ಇರ್ತಾರ. ಕಾಲೇಜು ಮುಚ್ಚಿದ್ರ ಇವರನ್ನ ಜಿಲ್ಲಾಕ ಅಲ್ಲ, ಗಂಡನ ಮನಿಗೆ ಕಳಸ್ತಾರ.'

'ನನ್ನ ಕೈಯಲ್ಲಿ ಏನೂ ಇಲ್ಲ ಗೌಡ್ರೇ. ಎಲ್ಲ ಮೀಟರಿನ ಕೈಯಲ್ಲಿ.'

ಪಾಠ ಮಾಡುವವರು ಯಾರೆಂದು ಚೀಟಿ ಎತ್ತುವುದು ಹಾಲಮ್ಮನೇ. ಎತ್ತಿದಳು. ಹುಲಿಗೆಮ್ಮ ಎಂಬ ಹೆಸರು ಬಂತು. ಹಿಂದಿನ ಬೆಂಚಿನಿಂದ ಒಬ್ಬ ಎತ್ತರದ ಹುಡುಗಿ ಎದ್ದು ಬಂದಳು. ಉಳಿದವರು ಗುಸುಗುಸು ಅಂದರು. ಗೌಡರ ಮುಖ ಸಪ್ಪಗಾಯಿತು. ಇವಳು ಚುರುಕಿನವಳಲ್ಲ ಎಂಬುದು ಹಾಲಮ್ಮನಿಗೂ ಕಂಡಿತು. ಟೋಪಿ ಹಾಕಿಕೊಂಡು ಹಾಲಮ್ಮ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು.

ಹುಲಿಗೆಮ್ಮನ ಕೈಯಲ್ಲಿ ಸೀಮೆಸುಣ್ಣ ಬಿಟ್ಟು ಬೇರೇನೂ ಇರಲಿಲ್ಲ.

'ಅಕ್ಕಾರ, ಆರರಾಗ ಮೂರು ಎಷ್ಟು ಸಲ ಐತಿ?'

'ಎರಡು ಸಲ.'

'ಆರರಾಗ ಎರಡು?'

'ಮೂರು ಸಲ.'

'ಒಂದು?'

'ಆರು.'

ಎಲ್ಲವನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಳು. 'ಈಗ, ಆರರಾಗ ಅರ್ಧ ಎಷ್ಟು ಸಲ ಐತಿ?'

'ಮೂರು' ಎಂದಳು ಹಾಲಮ್ಮ. ಆರರಲ್ಲಿ ಅರ್ಧ ಅಂದರೆ ಮೂರೇ ಅಲ್ಲವೇ?

ಹುಲಿಗೆಮ್ಮ ತಪ್ಪು ಎನ್ನಲಿಲ್ಲ. ಅದನ್ನೂ ಕೆಳಗೆ ಬರೆದಳು. 'ಎರಡು, ಮೂರು, ಆರು. ಏರಿಕೋಂತ ಬಂದದ್ದು ಒಮ್ಮಿಂದೊಮ್ಮೆಲೆ ಯಾಕ ಇಳೀತು, ನೋಡ್ರಿ.'

ಹಾಲಮ್ಮ ನೋಡಿದಳು. ಯಾಕೆ ಇಳಿಯಿತೋ ತಿಳಿಯಲಿಲ್ಲ.

'ನಿಮ್ಮ ಕೈ ಏನಾರ ಅಳದದ್ದು ಐತಾ?'

'ನಾ ಏನೂ ಅಳಿಯಂಗಿಲ್ರಿ. ಅಳೀಬಾರದು ಅಂತ ಐತಿ.'

'ಈಗಲ್ಲ, ಮೊದಲು. ನೆನಪು ಮಾಡಿಕೊಳ್ರಿ. ಅವಸರ ಇಲ್ಲ.'

ಇಷ್ಟು ಹೇಳಿ ಹುಲಿಗೆಮ್ಮ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ನಿಂತುಬಿಟ್ಟಳು.

ಹಾಲಮ್ಮನಿಗೆ ಇದು ಹೊಸದು. ಎಲ್ಲ ಕಾಲೇಜುಗಳಲ್ಲೂ ಹೇಳಿಕೊಡುವವರು ಅವಳ ಮುಖವನ್ನೇ ನುಂಗುವಂತೆ ನೋಡುತ್ತಿದ್ದರು, ತಿಳಿಯಿತೇ, ತಿಳಿಯಿತೇ ಎಂದು. ಇವಳು ನೋಡಲೇ ಇಲ್ಲ. ಕಾಲುವೆಯ ಏರಿಯ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಇಬ್ಬರೂ ಅವನ್ನೇ ನೋಡಿದರು. ಹಿಂದಿನ ಬೆಂಚುಗಳಲ್ಲಿ ಹುಡುಗಿಯರು ಚಡಪಡಿಸಿದರು. ಜೆಸಿಂತಾಳ ಪರದೆಯ ಮೇಲೆ ಗೆರೆ ನೆಟ್ಟಗೆ ಮಲಗಿತ್ತು. ಗೌಡರು ಹೆಗಲ ಮೇಲಿನ ವಲ್ಲಿಯಿಂದ ಕುತ್ತಿಗೆ ಒರೆಸಿಕೊಂಡರು.

ಗಂಟೆ ಹೊಡೆಯಿತು. ಟೋಪಿ ತೆಗೆದರು. ಅಂಕ ಸೊನ್ನೆ.

'ಸೂತ್ರಾರ ಹೇಳಬೇಕಿತ್ತಲ್ಲವ್ವಾ ಹುಲಿಗೆಮ್ಮಾ!' ಎಂದರು ಗೌಡರು. 'ತಿರುವಿ ಹಾಕಿ ಗುಣಸ್ರಿ ಅಂದಿದ್ರ ಆತಿತ್ತು.'

'ಸೂತ್ರ ಹೇಳಿದ್ರ ಅವರಿಗೆ ಸೂತ್ರ ಬರ್ತಿತ್ತು ಸರ. ಲೆಕ್ಕ ಬರ್ತಿದ್ದಿಲ್ಲ.'

ವೃಷಭೇಂದ್ರಯ್ಯ ಪೆನ್ನಿನ ಮುಚ್ಚಳ ಹಾಕಿದರು. ಒಂದು ಕಾಲೇಜಿನ ಬಾಗಿಲು ಹಾಕಿದಷ್ಟೇ ಸದ್ದಾಯಿತು.

*

ತಂದಿದ್ದ ಊಟದ ಪೊಟ್ಟಣಗಳು ಬಿಸಿಲಿಗೆ ಹಳಸಿದ್ದವು. ವೃಷಭೇಂದ್ರಯ್ಯ ತಮಗೆ ಹಸಿವಿಲ್ಲ ಎಂದು ಕಾಲೇಜಿನಲ್ಲೇ ಉಳಿದರು. ಜೆಸಿಂತಾ ಹಾಲಮ್ಮನನ್ನು ಕರೆದುಕೊಂಡು ಊರೊಳಗಿನ ಖಾನಾವಳಿಗೆ ಹೋದಳು.

ಬಡಿಸುತ್ತಿದ್ದವಳು ಒಬ್ಬ ದಪ್ಪ ಮುದುಕಿ. ಪಾತ್ರೆಯಿಂದ ದೊಡ್ಡ ಸೌಟಿನಲ್ಲಿ ಬೇಳೆ ತುಂಬಿ ತುಂಬಿ ಸುರಿಯುತ್ತಿದ್ದಳು. ಅಷ್ಟರಲ್ಲಿ ಕಾಲುವೆ ಕೆಲಸದವರು ಒಂದು ಟ್ರ್ಯಾಕ್ಟರಿನಷ್ಟು ಬಂದು ಸಾಲಾಗಿ ಕೂತರು. ಮುದುಕಿ ಪಾತ್ರೆಯೊಳಗೆ ಒಮ್ಮೆ ಇಣುಕಿದಳು. ದೊಡ್ಡ ಸೌಟನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಅದರ ಅರ್ಧದಷ್ಟಿದ್ದ ಚಿಕ್ಕ ಸೌಟನ್ನು ತೆಗೆದುಕೊಂಡಳು.

'ಏನಬೇ ಆಯಿ, ಸೌಟು ಸಣ್ಣದಾತು?' ಎಂದ ಸಾಲಿನಲ್ಲಿದ್ದವನೊಬ್ಬ.

'ಮಂದಿ ದೊಡ್ಡದಾತಲ್ಲೋ ತಮ್ಮಾ' ಎಂದಳು ಮುದುಕಿ.

ಹಾಲಮ್ಮನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಅವಳಿಗೆ ಕಂಡದ್ದು ಆ ಮುದುಕಿಯಲ್ಲ, ತನ್ನ ತಾಯಿ. ಹೊಗೆ ತುಂಬಿದ ಶಾಲೆಯ ಅಡುಗೆಮನೆ. ಬೇಳೆ ಕಡಿಮೆ ಬಂದ ದಿನ ಅಮ್ಮ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡೇ ಚಿಕ್ಕ ಸೌಟು ಹಿಡಿಯುತ್ತಿದ್ದಳು. ಹಿಡಿ ಬಾಗಿದ ಹಿತ್ತಾಳೆ ಸೌಟು. 'ಇದರಾಗೆ ಬಡಿಸು ಹಾಲಿ, ಎಲ್ಲರಿಗೂ ಬರುತ್ತೆ' ಎನ್ನುತ್ತಿದ್ದಳು. ಪಾತ್ರೆ ಅದೇ, ಸಾರೂ ಅಷ್ಟೇ. ದೊಡ್ಡ ಸೌಟಿನಲ್ಲಿ ಆರು ಸಲ ಬಂದರೆ ಅದರ ಅರ್ಧದ ಸೌಟಿನಲ್ಲಿ ಹನ್ನೆರಡು ಸಲ.

ಎಷ್ಟು ಸಲ! ಆ ಹುಡುಗಿ ಕೇಳಿದ್ದು ಆರನ್ನು ಅರ್ಧ ಮಾಡಿದರೆ ಎಷ್ಟು ಎಂದಲ್ಲ. ಆರರಲ್ಲಿ ಅರ್ಧ ಎಷ್ಟು ಸಲ ಎಂದು. ಸೌಟು ಸಣ್ಣದಾದಷ್ಟೂ ಅದ್ದುವುದು ಹೆಚ್ಚು. ಅದಕ್ಕೇ ಏರುತ್ತದೆ. ಇಳಿಯುವುದಕ್ಕೆ ದಾರಿಯೇ ಇಲ್ಲ.

ಇಷ್ಟು ವರ್ಷ ತನ್ನ ಕೈಯಲ್ಲೇ ಇತ್ತಲ್ಲ ಇದು. ಹಾಲಮ್ಮನ ಕಣ್ಣು ತುಂಬಿತು.

'ಎಂತ ಆಯ್ತು ಮಾರಾಯ್ತಿ? ಖಾರವಾ?'

'ಹ್ಞೂಂ, ಖಾರ.'

'ಮಜ್ಜಿಗೆ ಹಾಕಿಸ್ಕೊ.' ಜೆಸಿಂತಾ ಲೋಟ ಅವಳ ಕಡೆ ತಳ್ಳಿದಳು. 'ಇವತ್ತು ನಿಂಗೆ ಆರಾಮ. ಸೊನ್ನೆ ಬಂದದ್ದಕ್ಕೆ ಒರೆಸ್ಲಿಕ್ಕೆ ಎಂತದೂ ಇಲ್ಲ.'

ಹಾಲಮ್ಮ ತಲೆ ಎತ್ತಿದಳು. ಅದು ಅವಳಿಗೆ ಹೊಳೆದೇ ಇರಲಿಲ್ಲ.

ಒರೆಸುವ ಬಗೆಯನ್ನು ಜೆಸಿಂತಾ ಮೊದಲೇ ಅವಳಿಗೆ ಹೇಳಿದ್ದಳು. ಹೊಸದಾಗಿ ತಿಳಿದದ್ದು ಹಸಿ ಗಾರೆಯಿದ್ದ ಹಾಗೆ. ನಾಲಿಗೆಯ ಕೆಳಗೆ ಔಷಧದ ಹನಿ ಬಿಟ್ಟು, ಟೋಪಿ ಹಾಕಿ, ತಿಳಿದದ್ದನ್ನು ಅವಳೇ ಬಾಯಿಬಿಟ್ಟು ಹೇಳಬೇಕು. ಹೇಳುತ್ತ ಹೇಳುತ್ತ ನೆನಪಿಗೆ ಬಂದದ್ದೆಲ್ಲ, ಗುಂಡಿ ಒತ್ತಿದೊಡನೆ, ಗಟ್ಟಿಯಾಗದೆ ಕರಗಿಹೋಗುತ್ತದೆ. ಒಂದು ನಿದ್ದೆ ಮುಗಿಯಿತೋ, ಅದು ಗಟ್ಟಿ. ಹಳೆಯ ನೆನಪುಗಳ ಜೊತೆ ಹೆಣೆದುಕೊಂಡು ಬೇರು ಬಿಡುತ್ತದೆ. ಆಮೇಲೆ ಅದನ್ನು ಯಾರೂ ತೆಗೆಯಲಾರರು.

ಅಂದರೆ ಇವತ್ತು ಸುಮ್ಮನೆ ಮಲಗಿ ಎದ್ದರೆ ಸಾಕು. ಇದು ಅವಳದೇ.

*

ಮಧ್ಯಾಹ್ನವೆಲ್ಲ ಪ್ರವಾಸಿ ಮಂದಿರದ ಕೋಣೆಯಲ್ಲಿ ಹಾಲಮ್ಮ ಒಬ್ಬಳೇ ಭಾಗಿಸುತ್ತ ಕೂತಳು. ಆರರಲ್ಲಿ ಕಾಲು ಎಷ್ಟು ಸಲ? ಇಪ್ಪತ್ನಾಲ್ಕು. ಹತ್ತರಲ್ಲಿ ಅರ್ಧ? ಇಪ್ಪತ್ತು. ಅರ್ಧದಲ್ಲಿ ಕಾಲು? ಅರ್ಧ ಪಾತ್ರೆ ಸಾರು, ಕಾಲು ಪಾತ್ರೆ ಹಿಡಿಯುವ ಸೌಟು. ಎರಡು ಸಲ! ನಕ್ಕಳು. ನಕ್ಕದ್ದು ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ಯಾರಿಗಾದರೂ ಹೇಳಬೇಕೆನ್ನಿಸಿತು. ಈ ಸಲ ಹೇಳಲು ಏನೋ ಇತ್ತು, ಆದರೆ ಹೇಳುವ ಹಾಗಿರಲಿಲ್ಲ.

ಬೆಳಿಗ್ಗೆ ಎದ್ದು ಕೆಲಸ ಬಿಡುತ್ತೇನೆ ಎಂದರಾಯಿತು. ತಿಳಿದುಹೋದ ಮೇಲೆ ಅವಳು ಕೋಲಾಗಿ ಹೇಗೂ ನಡೆಯುವುದಿಲ್ಲ. ಊರಿಗೆ ಹೋಗಿ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಓದಬಹುದು. ಹೀಗೆಲ್ಲ ಎಣಿಸುತ್ತ ಅವಳು ಕೋಣೆಯಲ್ಲಿ ಕೂರಲಾರದೆ ಕಾಲುವೆಯ ಕಡೆ ನಡೆದಳು.

ಕಾಲುವೆಯ ಮೆಟ್ಟಿಲ ಮೇಲೆ ಹುಲಿಗೆಮ್ಮ ಕೂತಿದ್ದಳು. ಪಕ್ಕದಲ್ಲಿ ಹಾಸ್ಟೆಲಿನ ಹಾಸಿಗೆಯ ಸುರುಳಿ, ಒಂದು ಬಕೆಟ್ಟು.

'ಬರ್ರಿ ಅಕ್ಕಾರ. ನಿಮಗ ಭಾಳ ತ್ರಾಸ ಕೊಟ್ಟೆ ಇವತ್ತು.'

'ಇಲ್ಲ ಬಿಡ್ರಿ. ಊರಿಗೆ ಹೊಂಟ್ರೇನು?'

'ಅಣ್ಣಗ ಫೋನ್ ಮಾಡೀನಿ, ಗಾಡಿ ತರ್ತಾನ. ನನ್ನ ಗೆಳತ್ಯಾರು ಯಾರೂ ಮಾತಾಡವಲ್ರು. ನಿನ್ನ ಒಬ್ಬಾಕಿ ಸಲುವಾಗಿ ಎಲ್ಲರೂ ಮುಳಗಿದ್ವಿ ಅಂತಾರ.' ಹುಲಿಗೆಮ್ಮ ನೀರಿಗೆ ಒಂದು ಬೇವಿನ ಎಲೆ ಬಿಟ್ಟಳು. 'ಖರೇನ ಐತಿ.'

ಹಾಲಮ್ಮ ಮೆಟ್ಟಿಲ ಮೇಲೆ ಸ್ವಲ್ಪ ದೂರದಲ್ಲಿ ಕೂತಳು. ಬಾಯಿ ತುದಿಗೆ ಬಂದದ್ದನ್ನು ನುಂಗಿದಳು.

'ನಿಮಗೆ ಸಿಟ್ಟಿಲ್ಲೇನು ನನ್ನ ಮ್ಯಾಲೆ?'

'ನಿಮ್ಮ ಮ್ಯಾಲ ಯಾಕ್ರಿ? ಅದು ಬರೋವಾಗ ಬರ್ತೈತಿ. ಗಂಟಿ ಕೇಳಿ ಬರಂಗಿಲ್ಲ.' ಹುಲಿಗೆಮ್ಮ ಮತ್ತೆ ಅಂದಳು: 'ಎಂದಾರ ನಿಮಗ ಸಿಕ್ಕರ, ನನಗೇನ ಹೇಳಬ್ಯಾಡ್ರಿ. ಗೊತ್ತಿಲ್ಲದವರು ಯಾರಾರ ಇರ್ತಾರಲ್ಲ, ಅವರನ್ನ ಕೇಳ್ರಿ. ಕೇಳಿ, ಹಿಂಗ ಈ ಕಡೆ ಮುಖ ಮಾಡಿ ಕುಂದರ್ರಿ. ನೋಡಿದ್ರ ಮಂದಿಗೆ ನಾಚಿಕಿ ಆಗ್ತೈತಿ.'

ಅವಳು ಹೇಳಿದ್ದು ಅಷ್ಟೇ. ಬೇಡಲಿಲ್ಲ, ಅಳಲಿಲ್ಲ. ದೂರದಲ್ಲಿ ಬೈಕಿನ ಸದ್ದಾದಾಗ ಸುಮ್ಮನೆ ಎದ್ದು ಹಾಸಿಗೆಯನ್ನು ಬಗಲಿಗೆ ತೆಗೆದುಕೊಂಡಳು. ಆ ಸುರುಳಿಯ ಹಗ್ಗದ ಗಂಟು, ಅದನ್ನು ಎತ್ತಿಕೊಂಡ ರೀತಿ ಹಾಲಮ್ಮನಿಗೆ ಗೊತ್ತಿತ್ತು. ಆರನೆಯ ತರಗತಿಯ ಬಾಗಿಲಲ್ಲಿ ತಾನು ಪುಸ್ತಕದ ಚೀಲವನ್ನು ಹಾಗೇ ಎತ್ತಿಕೊಂಡು ಹೊರಟಿದ್ದಳು. ಆಗಲೂ ಯಾರೂ ತಡೆದಿರಲಿಲ್ಲ.

'ಹೋಗಬ್ಯಾಡ್ರಿ' ಎಂದಳು ಹಾಲಮ್ಮ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. 'ನಾಳೆ ಬೆಳಿಗ್ಗೆ ತನಕ ಇರ್ರಿ.'

*

'ಖಾನಾವಳಿಯಲ್ಲಿ ತಿಳೀತಾ?' ವೃಷಭೇಂದ್ರಯ್ಯ ಕನ್ನಡಕ ತೆಗೆದರು. 'ಹಾಗಾದ್ರೆ ಅದು ಆ ಮುದುಕಿಯ ಪಾಠವೋ, ಈ ಹುಡುಗಿಯ ಪಾಠವೋ?'

ಹಾಲಮ್ಮ ನೆಲ ನೋಡುತ್ತ ನಿಂತಿದ್ದಳು. 'ಸೌಟು ಮುದುಕಿದು ಸಾರ್. ಕೇಳಿದ್ದು ಈ ಹುಡುಗಿ. ಕೇಳದೇ ಇದ್ದಿದ್ರೆ ನಾನು ಬರೇ ಉಂಡು ಬರ್ತಿದ್ದೆ.'

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, ಮಗಳಿಗೆ ಹೇಳುವಂತೆ ಹೇಳಿದರು. 'ನೋಡಮ್ಮ, ದಾರಿ ಒಂದಿದೆ. ಒರೆಸುವಾಗಲೂ ಟೋಪಿ ಅಂಕ ಓದುತ್ತೆ. ಅದೇ ದಿನದ ಓದಾದರೆ ನಿಯಮದಲ್ಲಿ ನಿಲ್ಲುತ್ತೆ. ಆದರೆ ಆಮೇಲೆ ನೀನು ಮತ್ತೆ ಮೊದಲಿನ ಹಾಗೇ ಆಗಿರಬೇಕು. ಒರೆಸದೇ ಬರೀ ಓದಿದರೆ, ಕೋಲೇ ಉದ್ದ ಆಗಿತ್ತು ಅಂತ ಮಂಡಳಿಯವರು ಆ ಅಂಕವನ್ನ ತೆಗೆದುಹಾಕ್ತಾರೆ. ಬಲವಂತ ಇಲ್ಲ. ನೀನು ಹೇಳಲೇ ಇಲ್ಲ, ನಾನು ಕೇಳಲೇ ಇಲ್ಲ ಅಂತ ಬೇಕಾದ್ರೆ ಇರೋಣ.'

'ಒರೆಸ್ರಿ ಸಾರ್.'

ಪಾಠ ನಡೆದ ಕೋಣೆಯಲ್ಲೇ ಜೆಸಿಂತಾ ಯಂತ್ರ ಹೂಡಿದಳು. ಹೊರಗೆ ಇನ್ನೂ ಇಳಿಬಿಸಿಲಿತ್ತು. ಹನಿ ಬಿಡುವ ಮುಂಚೆ ಅವಳು ಹಾಲಮ್ಮನ ಕೈ ಹಿಡಿದಳು.

'ಒಂದು ಹೇಳ್ತೇನೆ ಕೇಳು. ಹಳೆಯದನ್ನು ನೆನೆದರೂ ಅದು ಮತ್ತೆ ಹಸಿಯಾಗ್ತದೆ. ಅಮ್ಮನನ್ನು ತರಬೇಡ. ಆ ಖಾನಾವಳಿಯ ಸೌಟು ಮಾತ್ರ ಹೇಳು. ಅಮ್ಮನ ಸೌಟು ಬಂತೋ, ಅದೂ ಹೋಗ್ತದೆ.'

ಹಾಲಮ್ಮ ತಲೆಯಾಡಿಸಿದಳು. ಹನಿ ನಾಲಿಗೆಯ ಕೆಳಗೆ ಕಹಿಯಾಗಿ ಹರಡಿತು.

ಖಾನಾವಳಿಯ ಸೌಟಿನಿಂದಲೇ ಹೇಳತೊಡಗಿದಳು. ಗೋಡೆಗೆ ಸಿಕ್ಕಿಸಿದ್ದು, ಬೇರೆಯದು ತೆಗೆದದ್ದು. ಪರದೆಯ ಗೆರೆ ಸ್ವಲ್ಪ ಎದ್ದು ಮತ್ತೆ ಮಲಗಿತು. ಹದಿನಾರು, ಹದಿನೇಳು, ಅಷ್ಟೇ. ಮಾತು ಬಾಯಿಪಾಠದ ಹಾಗೆ ಒಣಗಿತ್ತು. ಯಾಕೆಂದರೆ ಅವಳಿಗೆ ತಿಳಿದದ್ದು ಆ ಸೌಟಿನಲ್ಲಲ್ಲ. ವೃಷಭೇಂದ್ರಯ್ಯ ಕಣ್ಣು ಮುಚ್ಚಿಕೊಂಡರು.

ಹಾಲಮ್ಮ ಮಾತು ನಿಲ್ಲಿಸಿದಳು. ಬೇವಿನ ಮರದ ಕೆಳಗೆ ಹುಲಿಗೆಮ್ಮ ಹಾಸಿಗೆಯ ಮೇಲೆ ಕೂತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

'ಮೇಡಂ' ಎಂದಳು ಜೆಸಿಂತಾಳ ಕಡೆ ತಿರುಗಿ. 'ಆರರಾಗೆ ಅರ್ಧ ಎಷ್ಟು ಸಲ ಐತಿ?'

'ಹ್ಞಾ? ಹನ್ನೆರಡು. ತಿರುಗಿಸಿ ಗುಣಿಸಿದರೆ ಆಯ್ತಲ್ಲ.'

'ಯಾಕೆ ಹೆಚ್ಚಾತು? ಭಾಗ ಮಾಡಿದ್ರೆ ಕಡಿಮಿ ಆಗಬೇಕಲ್ಲ?'

ಜೆಸಿಂತಾ ಪರದೆ ಬಿಟ್ಟು ಅವಳ ಕಡೆ ತಿರುಗಿದಳು. ಹಾಲಮ್ಮ ಮುಖ ತಿರುಗಿಸಿ ಕಾಲುವೆಯ ಕಡೆ ನೋಡುತ್ತ, ಅವಸರವಿಲ್ಲದೆ ಹೇಳುತ್ತ ಹೋದಳು.

'ನಮ್ಮಮ್ಮ ಸಾಲಿಯಾಗೆ ಅಡುಗಿ ಮಾಡ್ತಿದ್ಲು. ಒಂದೊಂದು ದಿನ ಬ್ಯಾಳಿ ಕಡಿಮಿ ಬರೋದು. ಹುಡುಗ್ರು ಅಷ್ಟೇ ಇರೋರು. ಆಗ ಅಮ್ಮ ಚಿಕ್ಕ ಸೌಟು ಹಿಡಿಯೋಳು. ಹಿತ್ತಾಳಿದು, ಹಿಡಿ ಬಾಗಿತ್ತು. ಹಿಡಿದ್ರೆ ಇಲ್ಲಿ, ಹೆಬ್ಬೆಟ್ಟಿನ ಬುಡದಾಗೆ ಒತ್ತೋದು. ಸಾರು ಹೆಚ್ಚಾಗಲಿಲ್ಲ ಮೇಡಂ. ಪಾತ್ರಿನೂ ಬೆಳೀಲಿಲ್ಲ. ನಾವು ಎಣಿಸೋದು ಸಾರನ್ನಲ್ಲ, ಎಷ್ಟು ಸಲ ಅದ್ದಿದ್ವಿ ಅಂತ. ಕೊನೇ ಹುಡುಗಿ ತಟ್ಟಿಗೂ ಬೀಳೋದು. ಅಮ್ಮ ನನ್ನ ಕಡಿ ನೋಡಿ ನಗೋಳು. ನೋಡಿದ್ಯಾ ಹಾಲಿ, ಬಂತಲ್ಲ ಅನ್ನೋಳು.'

ಗೆರೆ ನಲವತ್ತು ದಾಟಿತು, ಎಂಬತ್ತು ದಾಟಿತು, ಪಾರಿವಾಳ ಏರಿದಲ್ಲಿಂದಲೂ ಮೇಲಕ್ಕೆ ಹೋಗಿ ನಿಂತಿತು. ಜಿಗಿಯಲಿಲ್ಲ, ನಿಧಾನವಾಗಿ ಏರಿತು, ಇಳಿಯಲಿಲ್ಲ. ಅದನ್ನು ಜೆಸಿಂತಾ ನೋಡಲಿಲ್ಲ. ಅವಳು ತನ್ನ ಖಾಲಿ ಅಂಗೈಯನ್ನು, ಹೆಬ್ಬೆರಳಿನ ಬುಡವನ್ನು ನೋಡಿಕೊಳ್ಳುತ್ತಿದ್ದಳು. ಕೊನೆಗೆ ವೃಷಭೇಂದ್ರಯ್ಯ 'ಸಾಕಮ್ಮ' ಎಂದಾಗ, ಒರೆಸುವ ಗುಂಡಿಯನ್ನು ಒತ್ತಲು ಅವಳಿಗೆ ಎರಡು ಸಲ ಹೇಳಬೇಕಾಯಿತು.

*

ಬೆಳಿಗ್ಗೆ ಜೀಪು ಹೊರಡುವಾಗ ಹುಡುಗಿಯರೆಲ್ಲ ಬೇವಿನ ಮರದ ಕೆಳಗೆ ಸೇರಿದ್ದರು. ಶರಣೇಗೌಡರು ಕೈಮುಗಿದು ಏನೋ ಹೇಳಹೊರಟು ಮೂಗೊರೆಸಿಕೊಂಡರು. ಎತ್ತರದ ಹುಡುಗಿಯೊಬ್ಬಳು ಜೀಪಿನ ಕಿಟಕಿಗೆ ಬಂದು ಹಾಲಮ್ಮನ ಕೈ ಹಿಡಿದುಕೊಂಡಳು. ಹಾಲಮ್ಮನಿಗೆ ಅವಳ ಗುರುತಿತ್ತು. ಪಾಠದ ನಡುವೆ ಬೆಳ್ಳಕ್ಕಿ ನೋಡುತ್ತ ನಿಂತವಳು. ಯಾವ ಪಾಠವೋ.

'ಸಿಕ್ಕಿತೇನ್ರಿ ಅಕ್ಕಾರ?'

'ಸಿಕ್ಕಿತ್ತಂತೆ' ಎಂದಳು ಹಾಲಮ್ಮ.

ಹುಡುಗಿಯ ಮುಖದಲ್ಲಿ ಏನೋ ಬಂದು ಹೋಯಿತು. ಕೈ ಬಿಡುವ ಮೊದಲು ಒಮ್ಮೆ ಬಿಗಿಯಾಗಿ ಒತ್ತಿದಳು.

ಆಮೇಲೆ ಮತ್ತೆ ಅದೇ ಕೋಣೆ, ಮುಚ್ಚಿದ ತಟ್ಟೆ, 'ಏನ್ ಸೆಕೆ ಅಲ್ವಾ'. ಒಂದು ಸಣ್ಣ ವ್ಯತ್ಯಾಸವಾಗಿತ್ತು. ಹಾಲಮ್ಮ ಸಂಜೆ ಕಿಟಕಿಯಲ್ಲಿ ಕೂತು ಅಮ್ಮನನ್ನು ನೆನೆಯುತ್ತಿದ್ದಳು. ಹೊಗೆ ಕಾಣುತ್ತಿತ್ತು, ಮಕ್ಕಳ ಸಾಲು ಕಾಣುತ್ತಿತ್ತು, ಅಮ್ಮ ಬಗ್ಗಿ ಬಡಿಸುವುದು ಕಾಣುತ್ತಿತ್ತು. ಕೈಯಲ್ಲಿ ಏನು ಹಿಡಿದು ಬಡಿಸುತ್ತಿದ್ದಳು ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಖಾಲಿ ಕೈ ಪಾತ್ರೆಗೆ ಇಳಿಯುತ್ತಿತ್ತು, ಖಾಲಿ ಕೈ ಮೇಲೆ ಬರುತ್ತಿತ್ತು. ಅಮ್ಮ ತನ್ನ ಕಡೆ ನೋಡಿ ನಗುತ್ತಿದ್ದಳು. ಯಾಕೆ ನಗುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ತಾನೇನೋ ಒಂದನ್ನು ಕೊಟ್ಟುಬಂದಿದ್ದೇನೆ, ಬೇಕೆಂದೇ ಕೊಟ್ಟಿದ್ದೇನೆ ಎಂಬುದಷ್ಟು ಅವಳಿಗೆ ನೆನಪಿತ್ತು.

ಮಳೆಗಾಲ ಕಳೆದ ಮೇಲೆ ಚಿಂತಾಮಣಿಯ ಕಡೆ ತಪಾಸಣೆಗೆ ಹೊರಟಾಗ ಜೆಸಿಂತಾ ಪೊಟ್ಟಣದ ಊಟ ಬೇಡವೇ ಬೇಡವೆಂದು ಹಟ ಹಿಡಿದಳು. ಮೂವರೂ ಒಂದು ಹೋಟೆಲಿನಲ್ಲಿ ಕೂತರು. ಬಡಿಸಲು ಬಂದ ಮಾಣಿಯನ್ನು ಜೆಸಿಂತಾ ತಡೆದು, ಸಾರಿನ ಪಾತ್ರೆಯನ್ನೇ ಮೇಜಿನ ಮೇಲೆ ಇಡಿಸಿಕೊಂಡಳು.

'ಇನ್ನೊಂದು ಚಿಕ್ಕ ಸೌಟು ಉಂಟಾ ನೋಡಿ' ಎಂದಳು.

ತಂದುಕೊಟ್ಟರು. ದೊಡ್ಡದನ್ನೂ ಚಿಕ್ಕದನ್ನೂ ಅವಳು ಹಾಲಮ್ಮನ ಮುಂದೆ ಪಕ್ಕಪಕ್ಕದಲ್ಲಿ ಇಟ್ಟಳು. ವೃಷಭೇಂದ್ರಯ್ಯ ಸೌಟುಗಳನ್ನು ನೋಡಿದರು, ಜೆಸಿಂತಾಳನ್ನು ನೋಡಿದರು.

'ಕೈ ತೊಳ್ಕೊಂಡು ಬರ್ತೀನಿ' ಎಂದು ಎದ್ದರು. ಅವರು ಆಗಲೇ ಕೈ ತೊಳೆದು ಬಂದಿದ್ದರು.

'ಏನು ಮೇಡಂ ಇದು?' ಹಾಲಮ್ಮ ಕೇಳಿದಳು. 'ನಾನು ಬಡಿಸಬಾರದಲ್ಲ?'

'ಟೋಪಿ ಪೆಟ್ಟಿಗೆಯಲ್ಲಿ ಉಂಟು. ಗುಂಡಿ ನನ್ನ ಕೈಯಲ್ಲಿ ಉಂಟು, ಒತ್ತುವುದಿಲ್ಲ.' ಜೆಸಿಂತಾ ಸಾರಿನ ಪಾತ್ರೆಯನ್ನು ಅವಳ ಹತ್ತಿರ ಸರಿಸಿದಳು. 'ಒಂದೇ ಒಂದು ಕೇಳ್ತೇನೆ, ಅವಸರ ಇಲ್ಲ. ಬೇಳೆ ಕಡಿಮೆ ಬಂದ ದಿನ ನಿನ್ನ ಅಮ್ಮ ಯಾವ ಸೌಟು ಹಿಡೀತಿದ್ರು?'

ಇಷ್ಟು ಹೇಳಿ ಅವಳು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಹಾಲಮ್ಮ ಎರಡು ಸೌಟುಗಳನ್ನೂ ನೋಡಿದಳು. ಸುತ್ತ ಎಲ್ಲರೂ ಅವರವರ ಎಲೆಯ ಮೇಲೆ ಬಗ್ಗಿದ್ದರು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಕೈ ಚಾಚಿ ಚಿಕ್ಕದನ್ನು ಎತ್ತಿಕೊಂಡಳು. ಹಿಡಿ ಹೆಬ್ಬೆಟ್ಟಿನ ಬುಡಕ್ಕೆ ಒತ್ತಿತು. ಮೆಲ್ಲಗೆ, ಒಂದು ಸಲ, ಪಾತ್ರೆಗೆ ಅದ್ದಿದಳು.